ಡಾಕ್ಟರಮ್ಮನ ಕೋಟಿನ ಬೆನ್ನು

ನಮ್ಮವರ, ಎಂದರೆ ನನ್ನ ಗಂಡನ, ಬಗ್ಗೆ ಹೇಳಲು ಹೊರಟರೆ ಮೊದಲು ಅವರ ಬಾಯಿಯ ಬಗ್ಗೆಯೇ ಹೇಳಬೇಕು. ಮಾತಾಡುವ ಬಾಯಿ ಎಂದುಕೊಳ್ಳಬೇಡಿ. ನಮ್ಮ ಮನೆಯಲ್ಲಿ ಮಾತಿನ ಗುತ್ತಿಗೆ ನನ್ನದು. ಅವರ ಬಾಯಿ ಇದ್ದದ್ದು ನೀರು ಚಿಮುಕಿಸುವುದಕ್ಕೆ.

ನಮ್ಮದು ಇಸ್ತ್ರಿ ಅಂಗಡಿ. ಎರಡು ಮಹಡಿಯ ಕಟ್ಟಡದ ಮೆಟ್ಟಿಲ ಕೆಳಗಿನ ಜಾಗ, ಹಿಂದಿನ ಗೋಡೆಯ ಹತ್ತಿರ ನೆಟ್ಟಗೆ ನಿಂತರೆ ತಲೆ ಬಡಿಯುತ್ತದೆ. ಒಂದು ಉದ್ದನೆಯ ಮೇಜು, ಅದರ ಮೇಲೆ ನಾಲ್ಕು ಪದರ ಕಂಬಳಿ, ಕಂಬಳಿಯ ಮೇಲೆ ಬಿಳಿ ಬಟ್ಟೆ. ಬಲಗಡೆ ಇದ್ದಿಲಿನ ಇಸ್ತ್ರಿಪೆಟ್ಟಿಗೆ, ಎಡಗಡೆ ನೀರಿನ ಚೊಂಬು. ಊರಿನವರೆಲ್ಲ ಕರೆಂಟಿನ ಇಸ್ತ್ರಿಗೆ ಹೋದರೂ ಇವರು ಹೋಗಲಿಲ್ಲ. "ಅದಕ್ಕೆ ತೂಕ ಇಲ್ಲ, ತೂಕ ಇಲ್ಲದೋರ ಮಾತು ಬಟ್ಟೆ ಕೇಳಲ್ಲ" ಅನ್ನುತ್ತಾರೆ. ಆ ಮಾತನ್ನು ನನ್ನ ಕಡೆ ನೋಡಿಕೊಂಡೇ ಏಕೆ ಹೇಳುತ್ತಾರೋ ಗೊತ್ತಿಲ್ಲ.

ಇಸ್ತ್ರಿಗೆ ಮೊದಲು ಬಟ್ಟೆ ಕೊಂಚ ತೇವವಾಗಬೇಕು. ಅದಕ್ಕೆ ಲೋಕದಲ್ಲೆಲ್ಲ ಸ್ಪ್ರೇ ಬಾಟಲಿ ಬಂದು ಎಷ್ಟೋ ಕಾಲವಾಯಿತು. ನಮ್ಮವರು ಮಾತ್ರ ಚೊಂಬಿನಿಂದ ಒಂದು ಗುಟುಕು ಬಾಯಿಗೆ ತುಂಬಿಕೊಂಡು, ಕೆನ್ನೆ ಉಬ್ಬಿಸಿ, ತುಟಿ ಬಿಗಿದು, ಫುಸ್ ಎಂದು ಊದುತ್ತಿದ್ದರು. ಅದು ನಮ್ಮ ಮಾವನವರು ಕಲಿಸಿದ ವಿದ್ಯೆ. ಹದಿನಾಲ್ಕರ ವಯಸ್ಸಿನಲ್ಲಿ ಮಗನನ್ನು ಕಿಟಕಿಯ ಮುಂದೆ ನಿಲ್ಲಿಸಿ ಗಾಜಿನ ಮೇಲೆ ಊದಿಸುತ್ತಿದ್ದರಂತೆ. ಗಾಜು ಮಂಕಾಗಬೇಕು, ಆದರೆ ಒಂದೇ ಒಂದು ಹನಿಯೂ ಕೆಳಗೆ ಜಾರಬಾರದು. ಜಾರಿದರೆ ಒರೆಸು, ಮತ್ತೆ ಊದು. ಮೂರು ತಿಂಗಳು ಗಾಜಿಗೆ ಊದಿದ ಮೇಲೆ ಮೊದಲ ಅಂಗಿ ಕೈಗೆ ಬಂತು. ಅಂಗಿಗೆ ಮೂರು ಫುಸ್, ಮಂಚದ ಹೊದಿಕೆಗೆ ಏಳು, ಅದಕ್ಕಿಂತ ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಬೀದಿಯ ಮಕ್ಕಳು ಅವರನ್ನು ಫುಸ್ ಮಾಮ ಎಂದು ಕರೆಯತೊಡಗಿದರು. ಆಮೇಲೆ ದೊಡ್ಡವರೂ ಅದನ್ನೇ ಹಿಡಿದುಕೊಂಡರು. ಬೇಸಿಗೆಯ ಮಧ್ಯಾಹ್ನ ಮಕ್ಕಳು ಮೇಜಿನ ಆಚೆ ಮುಖ ಒಡ್ಡಿ ನಿಲ್ಲುವುದು, ಇವರು ಬಟ್ಟೆಗೆ ಊದುವ ಹಾಗೆ ಮಾಡಿ ಅವರ ಮುಖಕ್ಕೆ ಊದುವುದು, ಅವರು ಕಿರುಚಿ ಓಡುವುದು, ಇದು ನಮ್ಮ ಅಂಗಡಿಯ ದಿನಚರಿಯಾಗಿತ್ತು.

ಮದುವೆಯಾದ ವಾರದಿಂದಲೇ ನಾನು ಬಾಟಲಿ ತಗೊಳ್ಳಿ ಎಂದು ಹೇಳುತ್ತ ಬಂದೆ. ಇನ್ನೊಬ್ಬರ ಬಾಯಿಯ ನೀರು ತಮ್ಮ ಕಾಲರಿನ ಮೇಲಿದೆ ಎಂದು ಗೊತ್ತಾದರೆ ಜನ ಏನಂದಾರು? ಇಪ್ಪತ್ತೆಂಟು ವರ್ಷ ಹೇಳಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಅವರು ಜಗಳ ಆಡುವವರಲ್ಲ, ಅದೇ ತೊಂದರೆ. ನಾನು ಏರಿದಷ್ಟೂ ಅವರು ಇಸ್ತ್ರಿಯನ್ನು ನಿಧಾನವಾಗಿ ಓಡಿಸುತ್ತಾರೆ. ಹಾಗೆ ಓಡಿಸುವಾಗ ಅವರ ಮುಖ ನೋಡಿದರೆ ನನ್ನ ಕೋಪ ಅರ್ಧಕ್ಕೇ ನಿಂತುಬಿಡುತ್ತದೆ. ಅಷ್ಟು ಸುಖವಾಗಿ ಕೆಲಸ ಮಾಡುವ ಮನುಷ್ಯನನ್ನು ನಾನು ಬೇರೆ ಎಲ್ಲೂ ನೋಡಿಲ್ಲ.

ಬಟ್ಟೆಯಿಂದ ಅವರು ಜನರನ್ನು ಓದುತ್ತಾರೆ. ಇಂಥವರು ಸಿಗರೇಟು ಬಿಟ್ಟಿದ್ದಾರೆ, ಇಂಥವರ ಹೊಟ್ಟೆ ಎರಡು ಗುಂಡಿ ಮುಂದೆ ಬಂದಿದೆ, ಮೂರನೇ ಮನೆಯ ಪೋಸ್ಟ್‌ಮ್ಯಾನ್ ಈಗ ಎಡಗೈಯಲ್ಲಿ ಚೀಲ ಹಿಡಿಯುತ್ತಾನೆ, ಬಲಭುಜ ನೋಯುತ್ತಿರಬೇಕು. ಇದೆಲ್ಲ ಅವರಿಗೆ ಗೊತ್ತು, ಯಾರಿಗೂ ಹೇಳುವುದಿಲ್ಲ. ನನಗೆ ಹೇಳುತ್ತಾರೆ, ನಾನು ಹೇಳುತ್ತೇನೆ.

ನಮಗೆ ಒಬ್ಬಳೇ ಮಗಳು. ಅವಳು ಹುಟ್ಟಿದಾಗ ನನಗೆ ಎರಡು ತಿಂಗಳು ಮೈಯಲ್ಲಿ ಹುಷಾರಿರಲಿಲ್ಲ. ಇವರು ಮಂಚದ ಹೊದಿಕೆಯೊಂದನ್ನು ಜೋಳಿಗೆಯ ಹಾಗೆ ಕೊರಳಿಗೆ ಕಟ್ಟಿಕೊಂಡು, ಮಗುವನ್ನು ಅದರಲ್ಲಿ ಬೆನ್ನಿಗೆ ಹಾಕಿಕೊಂಡು ಇಸ್ತ್ರಿ ಮಾಡಿದರು. ಅವಳು ಒಗೆದ ಬಟ್ಟೆಯ ಗಂಟುಗಳ ಮೇಲೆ ಮಲಗಿ, ಫುಸ್ ಶಬ್ದ ಕೇಳಿ ನಕ್ಕು, ಆ ಮೇಜಿನ ಕಾಲು ಹಿಡಿದು ನಡೆಯಲು ಕಲಿತವಳು. ಈಗ ದೂರದ ಊರಿನ ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕೆಲಸದಲ್ಲಿದ್ದಾಳೆ. ಹೋದ ವರ್ಷದ ಕೊನೆಗೆ ಅವಳಿಗೆ ಹೆಣ್ಣುಮಗುವಾಯಿತು. ಕೂಸಿಗೆ ನಾಲ್ಕು ತಿಂಗಳು ತುಂಬಿದ ಮೇಲೆ ಒಂದು ತಿಂಗಳು ಇರುತ್ತೇನೆ ಎಂದು ನಮ್ಮ ಮನೆಗೆ ಬಂದಳು.

ಬರುವ ಮೊದಲು ಇವರ ಸಂಭ್ರಮ ನೋಡಬೇಕಿತ್ತು. ಕೂಸಿನ ಲಂಗೋಟಿಗಳಿಗೆ ಇಸ್ತ್ರಿ ಹಾಕಿದರು. ಲಂಗೋಟಿಗೆ ಗೆರೆ ಕೂರಿಸಿ ಮಡಿಸಿದ ಮನುಷ್ಯ ಭೂಮಿಯ ಮೇಲೆ ಇವರೊಬ್ಬರೇ ಇರಬೇಕು. ಮಗಳು ಬಂದದ್ದು ಶುಕ್ರವಾರ. ಅವತ್ತು, ಶನಿವಾರ, ಭಾನುವಾರ, ಮೂರು ದಿನವೂ ಕೂಸು ಇವರ ತೋಳಿನಿಂದ ಇಳಿಯಲಿಲ್ಲ.

ಸೋಮವಾರದಿಂದ ಎಲ್ಲ ಬದಲಾಯಿತು. ಏಕೆ ಎಂಬುದು ನನಗೆ ಆಮೇಲೆ ತಿಳಿಯಿತು, ನಿಮಗೆ ಈಗಲೇ ಹೇಳಿಬಿಡುತ್ತೇನೆ. ಆ ಬೆಳಿಗ್ಗೆ ಮುಖ ತೊಳೆಯುವಾಗ ಇವರು ಉಗುಳಿದ್ದರಲ್ಲಿ ಕೆಂಪು ಕಾಣಿಸಿತ್ತು. ಅದೇನೋ ಎಂದು ಸುಮ್ಮನಾಗಿ ಅಂಗಡಿಗೆ ಹೋಗಿ, ಎದುರು ಕಟ್ಟಡದ ಹಲ್ಲಿನ ಡಾಕ್ಟರಮ್ಮನ ಬಿಳಿ ಕೋಟನ್ನು ಮೇಜಿನ ಮೇಲೆ ಹರಡಿ, ಬಾಯಿಗೆ ನೀರು ತುಂಬಿಕೊಂಡು ಫುಸ್ ಎಂದರು. ಬಿಳಿ ಕೋಟಿನ ಮೇಲೆ ತೆಳುಗೆಂಪು ಚುಕ್ಕೆಗಳು ಬಿದ್ದವು.

ನಮ್ಮ ಮಾವನವರು ತೀರಿಕೊಂಡದ್ದು ಎದೆಯ ಕಾಯಿಲೆಯಿಂದ, ಕ್ಷಯದಿಂದ. ಅವರು ಅದೇ ಮೇಜಿನ ಮುಂದೆ ನಿಂತು ಕೆಮ್ಮಿ, ಅದೇ ರೀತಿ ಬಿಳಿ ಬಟ್ಟೆಯ ಮೇಲೆ ರಕ್ತ ಕಂಡವರು. ಆಗ ಇವರಿಗೆ ಹದಿನೇಳು. ಹಾಗಾಗಿ ಕೋಟಿನ ಮೇಲೆ ಚುಕ್ಕೆ ಕಂಡೊಡನೆ ಇವರ ಮನಸ್ಸು ಬೇರೆ ಎಲ್ಲೂ ಹೋಗಲಿಲ್ಲ. ಅಪ್ಪನ ಕಾಯಿಲೆ ನನಗೂ ಬಂತು ಎಂದು ತೀರ್ಮಾನಿಸಿದರು. ಯಾರನ್ನೂ ಕೇಳಲಿಲ್ಲ, ಯಾರಿಗೂ ತೋರಿಸಲಿಲ್ಲ. ಅದು ಅಂಟುವ ಕಾಯಿಲೆ ಎಂಬುದಷ್ಟೇ ಅವರಿಗೆ ನೆನಪಿದ್ದದ್ದು. ಮನೆಯಲ್ಲಿ ನಾಲ್ಕು ತಿಂಗಳ ಕೂಸಿತ್ತು.

ಅವತ್ತು ಸಂಜೆ ಮನೆಗೆ ಬಂದವರು ಕೂಸಿನ ಹತ್ತಿರ ಸುಳಿಯಲಿಲ್ಲ. ಮಗಳು ಎತ್ತಿಕೊಂಡು ಎದುರು ಹೋದರೆ "ಕೈ ಮಸಿ" ಎಂದು ಹಿಂದೆ ಸರಿದರು. ಹಾಸಿಗೆ ಸುತ್ತಿಕೊಂಡು "ಅಂಗಡೀಲೇ ಮಲಗ್ತೀನಿ, ಇಲ್ಲಿ ಸೆಖೆ" ಎಂದರು. ತಮ್ಮ ತಟ್ಟೆ ಲೋಟ ತಾವೇ ತೊಳೆದು ಬೇರೆ ಇಟ್ಟರು. ಮರುದಿನ ನಾನು ಅಂಗಡಿಗೆ ಹೋಗಿ ನೋಡುತ್ತೇನೆ, ಚೊಂಬಿನ ಜಾಗದಲ್ಲಿ ನೀಲಿ ಬಣ್ಣದ ಸ್ಪ್ರೇ ಬಾಟಲಿ ಕೂತಿದೆ.

ನನಗೆ ಆದ ಸಂತೋಷ ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಗೆದ್ದೆ ಎಂದುಕೊಂಡೆ. "ಇಪ್ಪತ್ತೆಂಟು ವರ್ಷಕ್ಕೆ ಬುದ್ಧಿ ಬಂತಲ್ಲ" ಎಂದೆ.

"ಹೂಂ, ನೀನು ಹೇಳ್ತಾನೇ ಇದ್ಯಲ್ಲ" ಎಂದರು.

ನಾನು ಬೀದಿಯ ಉದ್ದಕ್ಕೂ ಆ ಸುದ್ದಿ ಹಂಚಿಕೊಂಡು ಬಂದೆ. ಗಂಡಂದಿರನ್ನು ತಿದ್ದುವುದು ಹೇಗೆ ಎಂದು ಹಾಲಿನ ಅಂಗಡಿಯವಳಿಗೆ ಉಪದೇಶ ಬೇರೆ ಮಾಡಿದೆ.

ಮಗಳಿಗೆ ಮಾತ್ರ ಬಾಟಲಿಯ ಕಡೆ ಗಮನವಿರಲಿಲ್ಲ. ಅಪ್ಪ ತನ್ನ ಮಗುವನ್ನು ಎತ್ತುವುದಿಲ್ಲ, ಮುಟ್ಟುವುದಿಲ್ಲ, ಅದು ಅತ್ತರೆ ಎದ್ದು ಹೊರಗೆ ಹೋಗುತ್ತಾರೆ. ಒಂಬತ್ತು ದಿನ ಅವಳು ಕಾದಳು. ಹತ್ತನೆಯ ದಿನ ಬಟ್ಟೆ ಒಣಹಾಕುತ್ತ ನನ್ನನ್ನು ಕೇಳಿದಳು:

"ಅಪ್ಪಂಗೆ ಕೂಸು ಇಷ್ಟ ಆಗಿಲ್ಲ ಅಲ್ವಾ ಅಮ್ಮ? ಗಲಾಟೆ ಆಗ್ತಿದೆ ಅವರಿಗೆ."

"ಏನೇನೋ ಹೇಳ್ಬೇಡ" ಎಂದೆ.

"ನನ್ನನ್ನ ಬೆನ್ನ ಮೇಲೆ ಕಟ್ಕೊಂಡು ಬೆಳೆಸಿದೋರು. ಇವಳನ್ನ ನೋಡೋದೂ ಇಲ್ಲ. ಭಾನುವಾರ ಬಂದು ಕರ್ಕೊಂಡು ಹೋಗಿ ಅಂತ ನಿಮ್ಮ ಅಳಿಯಂಗೆ ಫೋನ್ ಮಾಡಿದ್ದೀನಿ."

ಒಂದು ತಿಂಗಳಿಗೆಂದು ಬಂದವಳು ಎರಡೇ ವಾರಕ್ಕೆ ಹೊರಟಳು. ಅವಳು ಅಳಲಿಲ್ಲ, ಕ್ಲಿಪ್ಪುಗಳನ್ನು ಮಾತ್ರ ಬೇಕಾದ್ದಕ್ಕಿಂತ ಜೋರಾಗಿ ಒತ್ತುತ್ತಿದ್ದಳು. ಹಾಗೆ ಹೋದ ಮಗಳು ಮತ್ತೆ ಯಾವಾಗ ಬಂದಾಳು, ಬಂದರೂ ಯಾವ ಮುಖ ಇಟ್ಟುಕೊಂಡು ಬಂದಾಳು ಎಂದು ನನಗೆ ಚಿಂತೆ ಹತ್ತಿತು. ಕೋಪವೂ ಬಂತು. ಮರುದಿನ ಗುರುವಾರ, ಇವತ್ತು ಇವರಿಗೆ ಮಂಗಳಾರತಿ ಮಾಡಿಯೇ ಸಿದ್ಧ ಎಂದು ಬೆಳಿಗ್ಗೆ ಅಂಗಡಿಗೆ ಹೋದೆ.

ನನಗಿಂತ ಮೊದಲೇ ಡಾಕ್ಟರಮ್ಮ ಬಂದಿದ್ದರು. ನಲವತ್ತರ ಹೆಂಗಸು, ಸಣ್ಣಗೆ ಎತ್ತರಕ್ಕೆ ಇದ್ದಾರೆ, ಯಾರು ಎದುರಿಗೆ ಬಂದರೂ ಅವರ ಕಣ್ಣು ಮೊದಲು ಹೋಗುವುದು ಹಲ್ಲಿಗೆ. ಕೋಟನ್ನು ಮೇಜಿನ ಮೇಲೆ ಹರಡಿ ತೋರಿಸುತ್ತಿದ್ದರು. ಬಿಳಿ ಬಟ್ಟೆಯಲ್ಲಿ ಸಾಸಿವೆಗಿಂತ ಸಣ್ಣ ಕಂದು ಚುಕ್ಕೆಗಳು, ಒಂದು ಇಪ್ಪತ್ತು ಮೂವತ್ತು ಇದ್ದವು. ಅವತ್ತು ಇವರು ಅವಸರದಲ್ಲಿ ತಣ್ಣೀರು ಹಾಕಿ ಉಜ್ಜಿ ಹೋಯಿತೆಂದುಕೊಂಡಿದ್ದರು. ಕೊಂಚ ಉಳಿದದ್ದು ಇಸ್ತ್ರಿಯ ಬಿಸಿಗೆ ಗಟ್ಟಿಯಾಗಿ ಕೂತುಬಿಟ್ಟಿತ್ತು.

"ಇದು ರಕ್ತದ ಕಲೆ" ಎಂದರು ಡಾಕ್ಟರಮ್ಮ.

ನಾನು ಬಂದದ್ದೇ ಜಗಳಕ್ಕೆ. ಗಂಡನಿಗೆಂದು ತಂದದ್ದು ಅವರ ಪಾಲಾಯಿತು. "ಹಲ್ಲು ಕೀಳೋರ ಕೋಟಿನ ಮೇಲೆ ರಕ್ತ ಬೀಳದೆ ಪನ್ನೀರು ಬೀಳತ್ತಾ ಡಾಕ್ಟರಮ್ಮ? ನಿಮ್ಮ ರೋಗಿಗಳ ರಕ್ತಕ್ಕೆ ನಮ್ಮನ್ನ ಯಾಕೆ ಕೇಳ್ತೀರಿ?"

ಅವರು ಸಿಟ್ಟಾಗಲಿಲ್ಲ. ಕೋಟನ್ನು ಎತ್ತಿ ತಮ್ಮ ಮೈಗೆ ಹಿಡಿದು ತೋರಿಸಿದರು. "ಕಲೆ ಎಲ್ಲಿದೆ ನೋಡಿ. ಬೆನ್ನಿನ ಮೇಲೆ. ನನ್ನ ಬೆನ್ನ ಹಿಂದೆ ನಿಂತು ಬಾಯಿ ತೆರೆಯೋ ರೋಗಿ ಇನ್ನೂ ಹುಟ್ಟಿಲ್ಲ. ಮುಂದೆ ಬೀಳೋ ರಕ್ತ ಹನಿಹನಿಯಾಗಿ ಬೀಳತ್ತೆ. ಇದು ಊದಿದ ಹಾಗೆ ಹರಡಿದೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ ನಮ್ಮವರು ಬಾಯಿ ಒರೆಸಿಕೊಂಡರು. ಡಾಕ್ಟರಮ್ಮ ನೋಡಿದರು, ನಾನೂ ನೋಡಿದೆ. ನನ್ನ ಕೋಪವೆಲ್ಲ ಇಳಿದುಹೋಯಿತು.

"ಬಾಯಿ ತೆರೀರಿ" ಎಂದರು ಡಾಕ್ಟರಮ್ಮ. ಜೇಬಿನಿಂದ ಪುಟ್ಟ ಟಾರ್ಚು ತೆಗೆದು, ನಮ್ಮವರನ್ನು ಬಟ್ಟೆಗಂಟಿನ ಮೇಲೆ ಕೂರಿಸಿ, ಅಲ್ಲೇ ಬಗ್ಗಿ ನೋಡಿದರು. ನಾನೂ ಪಕ್ಕದಿಂದ ಬಗ್ಗಿದೆ. ಒಸಡುಗಳು ಕೆಂಪಗೆ ಊದಿಕೊಂಡಿದ್ದವು, ಹಲ್ಲಿನ ಬುಡದಲ್ಲಿ ಸಾಲಾಗಿ ಕಪ್ಪು ಗೆರೆ ಇತ್ತು.

"ಏನಿದು ಕಪ್ಪು? ಹಲ್ಲು ಯಾವುದರಲ್ಲಿ ಉಜ್ಜುತ್ತೀರಿ?"

ಇವರು ಬಾಯಿ ತೆರೆದುಕೊಂಡೇ ಇಸ್ತ್ರಿಪೆಟ್ಟಿಗೆಯ ಕಡೆ ಬೆರಳು ತೋರಿಸಿದರು.

ಹಿಂದಿನ ದಿನ ಉರಿದು ಆರಿದ ಇದ್ದಿಲನ್ನು ಕುಟ್ಟಿ ಪುಡಿ ಮಾಡಿ ಹಲ್ಲುಜ್ಜುವುದು ಅವರ ಮನೆತನದ ಪದ್ಧತಿ. ಬೆರಳಲ್ಲಿ ಹಿಡಿದು, ಪಾತ್ರೆ ತಳ ಉಜ್ಜಿದ ಹಾಗೆ ಉಜ್ಜುತ್ತಾರೆ. ಹಲ್ಲೇನೋ ಬೆಳ್ಳಗೇ ಇವೆ. ಮದುವೆಗೆ ನೋಡಲು ಬಂದಾಗ ನಾನು ಬಿದ್ದದ್ದು ಆ ಹಲ್ಲಿಗೇ.

"ಬಟ್ಟೆಗೆ ಹಾಕೋ ಬೆಂಕೀನ ಬಾಯಿಗೂ ಹಾಕ್ಕೊಂಡಿದ್ದೀರಿ" ಎಂದರು ಡಾಕ್ಟರಮ್ಮ. "ಇದ್ದಿಲ ಚೂರು ಒಸಡನ್ನ ಗೀರಿ ಗೀರಿ ಹುಣ್ಣು ಮಾಡಿದೆ. ಹಲ್ಲಿನ ಬುಡದಲ್ಲಿ ಕೊಳೆ ಗಾರೆಯ ಹಾಗೆ ಗಟ್ಟಿಯಾಗಿ ಕಟ್ಟಿದೆ. ಇಷ್ಟಿದ್ದ ಮೇಲೆ ನೀವು ಜೋರಾಗಿ ಊದಿದರೆ ರಕ್ತ ಬರದೆ ಇರತ್ತಾ? ಅದಿರಲಿ, ನನ್ನ ಕೋಟಿಗೆ ಬಾಯಿಂದ ಊದುತ್ತಿದ್ರಾ? ಎಷ್ಟು ವರ್ಷದಿಂದ?"

"ನೀವು ಕ್ಲಿನಿಕ್ ತೆರೆದಾಗಿಂದ" ಎಂದರು ನಮ್ಮವರು, ಸತ್ಯವಂತ.

ಡಾಕ್ಟರಮ್ಮ ಒಂದು ನಿಮಿಷ ಕಣ್ಣು ಮುಚ್ಚಿಕೊಂಡರು. ಆಮೇಲೆ ನಗು ತಡೆಯಲಾಗದೆ ಕೋಟಿನಿಂದ ಬಾಯಿ ಮುಚ್ಚಿಕೊಂಡರು. ಯಾವ ಕೋಟು ಎಂದು ನೆನಪಾಗಿ ತಟ್ಟನೆ ಕೆಳಗೆ ಹಾಕಿದರು.

ನಗು ನಿಂತ ಮೇಲೆ ಅವರು ಒಂದೊಂದೇ ಕೇಳಿದರು. ಬೆಳಿಗ್ಗೆ ಎದ್ದಾಗ ಉಗುಳಿನಲ್ಲಿ ಬರುತ್ತಾ? ಬರತ್ತೆ. ಮೂಗಿನಿಂದ? ಒಮ್ಮೊಮ್ಮೆ ಕರವಸ್ತ್ರದಲ್ಲಿ ಕಂಡಿದೆ. ಕೆಮ್ಮು? ಇಲ್ಲ. ಜ್ವರ, ತೂಕ ಇಳಿದಿದೆಯಾ? ಇಲ್ಲ. ಯಾವುದಾದರೂ ಗುಳಿಗೆ ತಗೊಳ್ಳುತ್ತೀರಾ?

"ತಲೆನೋವಿಗೆ. ಮಧ್ಯಾಹ್ನ ಬಿಸಿಗೆ ತಲೆ ಸಿಡಿಯತ್ತೆ. ದಿನಕ್ಕೊಂದು, ಎರಡು."

"ಎಷ್ಟು ದಿನದಿಂದ?"

"ಈ ಬೇಸಿಗೆ ಪೂರ್ತಿ."

"ಮೂಗಿಗೆ ಬೆರಳು ಹಾಕ್ತೀರಾ?"

ಇವರು ಇಲ್ಲ ಎಂದು ತಲೆ ಆಡಿಸಿದರು. "ಹಾಕ್ತಾರೆ" ಎಂದೆ ನಾನು. "ಇಸ್ತ್ರಿ ಕಾಯೋ ತನಕ ಅದೇ ಕೆಲಸ." ನಮ್ಮವರು ನನ್ನನ್ನು ನೋಡಿದ ನೋಟ, ಕೋರ್ಟಿನಲ್ಲಿ ತನ್ನ ಕಡೆಯ ಸಾಕ್ಷಿ ತಿರುಗಿ ಬಿದ್ದಾಗ ನೋಡುವಂಥದ್ದು.

ಕೊನೆಗೆ ಡಾಕ್ಟರಮ್ಮ, ಮನೆಯಲ್ಲಿ ಯಾರಿಗಾದರೂ ಎದೆಯ ಕಾಯಿಲೆ ಇತ್ತೇ ಎಂದು ಕೇಳಿದರು. ಆಗ ಇವರು ಬಾಯಿ ಬಿಟ್ಟರು. ಅಪ್ಪ, ಮೇಜು, ಬಿಳಿ ಬಟ್ಟೆ, ಎಲ್ಲ ಹೇಳಿದರು. ಕೂಸನ್ನು ಮುಟ್ಟದೆ ಇರುವುದು, ಲೋಟ ಬೇರೆ ಇಟ್ಟದ್ದು, ಅಂಗಡಿಯಲ್ಲಿ ಮಲಗುವುದು, ಬಾಟಲಿ ತಂದದ್ದು. ನೆಲ ನೋಡಿಕೊಂಡು, ಇಸ್ತ್ರಿಯ ಹಿಡಿಯನ್ನು ಒರೆಸುತ್ತ ಹೇಳಿದರು. ನಾನು ನಿಂತಲ್ಲೇ ಅತ್ತುಬಿಟ್ಟೆ. ಹತ್ತು ದಿನ ಈ ಮನುಷ್ಯ ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ದೊಡ್ಡ ಭಯ ಇಟ್ಟುಕೊಂಡು ಮಲಗಿದ್ದ, ನಾನು ಬಾಟಲಿಯ ವಿಜಯೋತ್ಸವ ಮಾಡಿಕೊಂಡು ತಿರುಗುತ್ತಿದ್ದೆ. ಅತ್ತು ಮುಗಿದ ಮೇಲೆ ಚೆನ್ನಾಗಿ ಬೈದೆ. ನನಗೆ ಬೇರೆ ರೀತಿ ಪ್ರೀತಿ ತೋರಿಸಲು ಬರುವುದಿಲ್ಲ.

"ನನಗೆ ಇದು ಒಸಡು, ಮೂಗಿನ ವಿಷಯ ಅಂತಲೇ ಅನ್ಸತ್ತೆ" ಎಂದರು ಡಾಕ್ಟರಮ್ಮ. "ಆದರೆ ಅನ್ಸೋದು ಬೇರೆ, ಗೊತ್ತಾಗೋದು ಬೇರೆ. ಅಪ್ಪಂಗೆ ಇತ್ತು ಅಂದ್ಮೇಲೆ ಕಫ, ರಕ್ತ, ಎದೆಯ ಎಕ್ಸ್‌ರೇ, ಎಲ್ಲ ನೋಡಿಬಿಡೋಣ. ನನ್ನ ಪಕ್ಕದ ಕೋಣೆಯ ಡಾಕ್ಟರಿಗೆ ಹೇಳ್ತೀನಿ. ಭಾನುವಾರ ಬೆಳಿಗ್ಗೆ ಫಲಿತಾಂಶ ಬರತ್ತೆ. ಅಲ್ಲೀವರೆಗೆ ಕೂಸನ್ನ ದೂರ ಇಟ್ಟಿರಿ. ನೀವು ಮಾಡಿದ್ದರಲ್ಲಿ ಅದೊಂದು ಸರಿಯಾಗಿದೆ."

ಭಾನುವಾರವೇ ಮಗಳು ಹೊರಡುವ ದಿನ. ಪರೀಕ್ಷೆಗೆ ಕೊಟ್ಟು ಬರುವ ದಾರಿಯಲ್ಲಿ ನಾನು, ಅವಳಿಗೆ ಇವತ್ತೇ ಹೇಳಿಬಿಡುತ್ತೇನೆ ಎಂದೆ. ಇವರು ನನ್ನ ಕೈ ಹಿಡಿದುಕೊಂಡರು. ಬೀದಿಯಲ್ಲಿ ಇವರು ನನ್ನ ಕೈ ಹಿಡಿದದ್ದು ಅದೇ ಮೊದಲು.

"ಬೇಡ. ಎಳೆ ಬಾಣಂತಿ, ಹೆದರ್ತಾಳೆ. ನಾನಿಲ್ಲ ಅಂತ ಇವತ್ತೇ ಅಳೋಕೆ ಶುರು ಮಾಡ್ತಾಳೆ. ಕಾಯಿಲೆ ಇಲ್ಲ ಅಂತಾದ್ರೆ ನಾನೇ ಹೇಳ್ತೀನಿ."

"ಹೌದು ಅಂತಾದ್ರೆ?"

"ಆಗ ಅವಳು ಕೋಪ ಮಾಡ್ಕೊಂಡು ಹೋಗಿದ್ದೇ ಒಳ್ಳೇದಾಯ್ತು ಅಂದ್ಕೊಳ್ಳೋಣ. ಕೋಪ ಬಂದೋರು ಕಡಿಮೆ ಅಳ್ತಾರೆ."

ಮೂರು ದಿನ ನನ್ನ ಬಾಯಿಗೆ ಬೀಗ. ನನ್ನಂಥವಳಿಗೆ ಅದು ಎಂಥ ಶಿಕ್ಷೆ ಎಂದು ನನ್ನನ್ನು ಬಲ್ಲವರಿಗೆ ಗೊತ್ತು. ಮಗಳು ಬಟ್ಟೆ ಮಡಿಸುವಾಗ ಹತ್ತಿರ ಕೂತರೆ ಮಾತು ಗಂಟಲಿಗೆ ಬರುತ್ತಿತ್ತು, ಎದ್ದು ಹೋಗಿ ಪಾತ್ರೆ ತೊಳೆಯುತ್ತಿದ್ದೆ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಶನಿವಾರ ಸಂಜೆ ಇವರು ಬಂದು ಬಾಗಿಲಲ್ಲಿ ನಿಂತು ತೊಟ್ಟಿಲಿನ ಕಡೆ ನೋಡಿದರು. ಕೂಸು ಕೈಕಾಲು ಬಡಿದು ನಕ್ಕಿತು. ಇವರ ಕೈ ತಾನಾಗಿ ಮುಂದೆ ಬಂದು, ಮತ್ತೆ ಹಿಂದೆ ಹೋಯಿತು. ಮಗಳು ಅದನ್ನು ನೋಡಿದಳು. ಎದ್ದು ತೊಟ್ಟಿಲನ್ನು ಗೋಡೆಯ ಕಡೆ ತಿರುಗಿಸಿದಳು.

ಭಾನುವಾರ ಎಂಟು ಗಂಟೆಗೆ ನಾವಿಬ್ಬರೂ ಕ್ಲಿನಿಕ್ಕಿನ ಬೆಂಚಿನ ಮೇಲಿದ್ದೆವು. ಅಳಿಯ ಬರುವುದು ಹತ್ತಕ್ಕೆ. ಇವರು ತಾವೇ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಫೋಟೋ ತೆಗೆಸಲು ಬಂದವರಂತೆ ನೆಟ್ಟಗೆ ಕೂತಿದ್ದರು. ನಾನು ಅವರ ಅಂಗಿಯ ತೋಳು ಹಿಡಿದು ಹಿಡಿದು ಗೆರೆ ಕೆಡಿಸಿದೆ.

ಒಳಗೆ ಕರೆದದ್ದು ಒಂಬತ್ತೂವರೆಗೆ. ಪಕ್ಕದ ಕೋಣೆಯ ಡಾಕ್ಟರು ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದಿದ್ದರು. ಹಲ್ಲಿನ ಡಾಕ್ಟರಮ್ಮ ರಜೆಯ ದಿನವೂ ಬಂದು ಅವರ ಹಿಂದೆ ನಿಂತಿದ್ದರು.

"ಎದೆ ಚೊಕ್ಕಟವಾಗಿದೆ. ಕಫದಲ್ಲೂ ಏನಿಲ್ಲ. ರಕ್ತವೂ ಸರಿಯಾಗಿದೆ" ಎಂದರು ಡಾಕ್ಟರು.

ನಮ್ಮವರು ಅರ್ಥವಾಗದವರಂತೆ ನೋಡಿದರು. "ಮತ್ತೆ ರಕ್ತ?"

ಆ ಡಾಕ್ಟರು ಶಾಂತವಾಗಿ ವಿವರಿಸಿದರು. ದಿನವಿಡೀ ಕೆಂಡದ ಬಿಸಿಗೆ ಮುಖ ಒಡ್ಡಿ ನಿಂತರೆ ಮೂಗಿನ ಒಳಗಿನ ತೆಳು ಚರ್ಮ ಒಣಗಿ ಬಿರಿಯುತ್ತದೆ. ಅದಕ್ಕೆ ಬೆರಳೂ ಸೇರಿದರೆ ಕೇಳಬೇಕೇ? ಮಲಗಿದಾಗ ಅಲ್ಲಿಂದ ಒಂದೆರಡು ಹನಿ ಹಿಂದಕ್ಕೆ ಗಂಟಲಿಗೆ ಇಳಿಯುತ್ತದೆ, ಬೆಳಿಗ್ಗೆ ಉಗುಳಿನಲ್ಲಿ ಕಾಣುತ್ತದೆ. ಒಸಡಿನ ರಕ್ತ ಇದ್ದಿಲಿನದು. ಇನ್ನು ಆ ತಲೆನೋವಿನ ಗುಳಿಗೆ ರಕ್ತ ಬೇಗ ಹೆಪ್ಪುಗಟ್ಟಲು ಬಿಡುವುದಿಲ್ಲ, ಹಾಗಾಗಿ ಸಣ್ಣ ಗೀರೂ ಒಸರುತ್ತಲೇ ಇರುತ್ತದೆ. ಮೂರೂ ಒಟ್ಟಿಗೆ ಬಂದು ಒಂದು ದೊಡ್ಡ ಕಾಯಿಲೆಯ ವೇಷ ಹಾಕಿಕೊಂಡಿದ್ದವು. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು. ಆದರೆ ಆ ಇಲಿಯ ಮುಖ ನೋಡಿ ನನಗಾದಷ್ಟು ಸಂತೋಷ ಆನೆ ಸಿಕ್ಕಿದ್ದರೂ ಆಗುತ್ತಿರಲಿಲ್ಲ.

"ಮೆತ್ತನೆಯ ಬ್ರಷ್ಷು, ಇದ್ದಿಲು ಬಂದ್" ಎಂದರು ಡಾಕ್ಟರಮ್ಮ. "ನಾಳೆ ಬಂದು ಗಾರೆ ತೆಗೆಸ್ಕೊಳ್ಳಿ. ಊದೋದೂ ಬಂದ್, ಊರಿನವರ ಬಟ್ಟೆಗೆ ಬಾಟಲಿಯೇ ಇರಲಿ." ಪಕ್ಕದ ಡಾಕ್ಟರು ಮೂಗಿಗೆ ಹಚ್ಚುವ ಮುಲಾಮು ಬರೆದುಕೊಟ್ಟು, ತಮ್ಮನ್ನು ಕೇಳದೆ ಗುಳಿಗೆ ನುಂಗಬಾರದು ಎಂದರು. "ಮೂಗಲ್ಲಿ ರಕ್ತ ಬಂದರೆ ತಲೆ ಹಿಂದಕ್ಕೆ ಹಾಕಬೇಡಿ, ಗಂಟಲಿಗೆ ಇಳಿಯತ್ತೆ. ಕೂತು ಮುಂದಕ್ಕೆ ಬಗ್ಗಿ, ಮೂಗಿನ ಮೆತ್ತನೆ ಭಾಗ ಒತ್ತಿ ಹಿಡಿದು ಬಾಯಲ್ಲಿ ಉಸಿರಾಡಿ. ಹತ್ತು ನಿಮಿಷ ಬಿಡಬಾರದು. ನಿಂತಿದೆಯಾ ಅಂತ ಮಧ್ಯೆ ಇಣುಕಿ ನೋಡಬಾರದು. ಅರ್ಧ ಗಂಟೆಯಾದರೂ ನಿಲ್ಲದಿದ್ದರೆ ಇಲ್ಲಿಗೆ ಬನ್ನಿ."

ನಮ್ಮವರು ಕೈ ಮುಗಿದರು. ಹೊರಗೆ ಬಂದು ಮೆಟ್ಟಿಲಿಳಿಯುವವರೆಗೆ ನಡೆದರು. ಆಮೇಲೆ ಓಡಿದರು. ಐವತ್ತೈದು ವರ್ಷದ ಮನುಷ್ಯ ಬೀದಿಯ ಮಧ್ಯೆ ಓಡುತ್ತಿದ್ದರೆ ಮಕ್ಕಳು "ಫುಸ್ ಮಾಮ, ಎಲ್ಲಿಗೆ" ಎಂದು ಹಿಂದೆ ಬಿದ್ದರು. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಅವರ ಹಿಂದೆ ಓಡಿದೆ.

ಮಗಳು ನಡುಮನೆಯಲ್ಲಿ ಬ್ಯಾಗಿನ ಜಿಪ್ಪು ಎಳೆಯುತ್ತಿದ್ದಳು. ಕೂಸು ಅವಳ ಹೆಗಲ ಮೇಲಿತ್ತು. ಇವರು ಏದುಸಿರು ಬಿಡುತ್ತ ಎದುರಿಗೆ ನಿಂತರು.

"ನಾನು ಮುಟ್ಟಲಿಲ್ಲ" ಎಂದರು. "ತಾತನ ಕಾಯಿಲೆ ನನಗೆ ಬಂದಿದೆ ಅಂದ್ಕೊಂಡಿದ್ದೆ. ಬಾಯಲ್ಲಿ ರಕ್ತ ಬಂತು. ಇವಳಿಗೆ ಅಂಟತ್ತೆ ಅಂತ ಮುಟ್ಟಲಿಲ್ಲ. ಬಂದಿಲ್ವಂತೆ. ಈಗ ಗೊತ್ತಾಯ್ತು. ಕೊಡು."

ಮಗಳು ಅಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಹೌದೆಂದು ತಲೆ ಆಡಿಸಿದೆ. ಅವಳ ಮುಖ ಕೆಂಪಾಯಿತು. "ಹದಿಮೂರು ದಿನ" ಎಂದಳು. "ಹದಿಮೂರು ದಿನ ಒಬ್ಬರೇ ಅಂಗಡೀಲಿ ಮಲಗಿ ಸಾಯೋಕೆ ಕಾಯ್ತಾ ಇದ್ರಾ? ನನಗೆ ಒಂದು ಮಾತು ಹೇಳೋಕೆ ಬಾಯಿ ಇರ್ಲಿಲ್ವಾ? ನಾನು ಏನೇನು ಅಂದ್ಕೊಂಡೆ ಗೊತ್ತಾ ನಿಮಗೆ?" ಹೇಳುತ್ತ ಹೇಳುತ್ತ ಧ್ವನಿ ಏರಿತು, ಅಳುವೂ ಬಂತು. ನನ್ನ ಮಗಳು ತಾನೇ, ಅವಳಿಗೂ ಬೇರೆ ರೀತಿ ಬರುವುದಿಲ್ಲ. ಬೈಯುತ್ತಲೇ ಕೂಸನ್ನು ಅಪ್ಪನ ಕೈಗೆ ಕೊಟ್ಟಳು.

ಇವರು ಕೂಸನ್ನು ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿದರು. ಕೂಸು ಒಂದು ಗಳಿಗೆ ಯೋಚಿಸಿ, ಕೈ ಚಾಚಿ, ಅಜ್ಜನ ಮೂಗನ್ನು ಗಬಕ್ಕನೆ ಹಿಡಿದು ಎಳೆಯಿತು. ಹೂವಿನಂಥ ಬೆರಳೇ, ಉಗುರು ಮಾತ್ರ ಬ್ಲೇಡು. ಮೂಗಿನಿಂದ ಒಂದು ಕೆಂಪು ಹನಿ ಇಳಿದು ಬಿಳಿ ಅಂಗಿಯ ಮೇಲೆ ಬಿತ್ತು, ಅದರ ಹಿಂದೆ ಇನ್ನೊಂದು.

ಮಗಳು ಗಾಬರಿಯಾಗಿ ಕೈ ಚಾಚಿದಳು. ನಾನು ಅವಳನ್ನು ತಡೆದೆ. ನಾವಿಬ್ಬರೂ, ಗಂಡ ಹೆಂಡತಿ, ಒಬ್ಬರನ್ನೊಬ್ಬರು ನೋಡಿಕೊಂಡು ನಗತೊಡಗಿದ್ದೆವು. ಆ ರಕ್ತ ನೋಡಿ ನಕ್ಕ ಹಾಗೆ ನಾನು ಮದುವೆಯಾದಾಗಿನಿಂದ ನಕ್ಕಿರಲಿಲ್ಲ. ಇವರು ಕೂಸನ್ನು ಕೆಳಗೆ ಬಿಡಲಿಲ್ಲ. ಸ್ಟೂಲಿನ ಮೇಲೆ ಕೂತು, ಕೂಸನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಕರವಸ್ತ್ರದಿಂದ ಮೂಗು ಒತ್ತಿ, ಡಾಕ್ಟರು ಹೇಳಿದ ಹಾಗೆ ಮುಂದಕ್ಕೆ ಬಗ್ಗಿದರು. ಹಾಗೆ ಬಗ್ಗಿದಾಗ ಅವರ ಮುಖ ನೇರವಾಗಿ ಕೂಸಿನ ಮುಖದ ಮೇಲೆ ಬಂತು. ಗೇಣುದ್ದದ ಅಂತರವೂ ಇರಲಿಲ್ಲ.

ನಾನು ಗಡಿಯಾರ ನೋಡಿದೆ. ಕೂಸು ಕಣ್ಣು ಮಿಟುಕಿಸದೆ ಅಜ್ಜನನ್ನು ನೋಡುತ್ತಿತ್ತು, ಅಜ್ಜ ಬಾಯಲ್ಲಿ ಉಸಿರು ಬಿಡುತ್ತ ಅದನ್ನು ನೋಡುತ್ತಿದ್ದರು. ಅಷ್ಟರಲ್ಲಿ ಅಳಿಯ ಬಾಗಿಲಿಗೆ ಬಂದ. ಮಾವ ಮೂಗು ಹಿಡಿದು ಬಗ್ಗಿರುವುದು, ಅತ್ತೆ ನಗುತ್ತಿರುವುದು, ಹೆಂಡತಿ ಅಳುತ್ತಿರುವುದು ನೋಡಿ ಹೊಸ್ತಿಲಲ್ಲೇ ನಿಂತ. ಮಗಳು ಕಣ್ಣೊರೆಸಿಕೊಂಡು ಬ್ಯಾಗಿನ ಜಿಪ್ಪು ಹಿಂದಕ್ಕೆ ಎಳೆದು, "ಕೂತ್ಕೊಳ್ಳಿ, ಚಹಾ ಮಾಡ್ತೀನಿ. ನಾವು ಬರೋದು ಮುಂದಿನ ತಿಂಗಳು" ಎಂದಳು.

"ಹತ್ತು ನಿಮಿಷ ಆಯ್ತು" ಎಂದೆ ನಾನು. ಅವರು ಕೈ ತೆಗೆದರು. ರಕ್ತ ನಿಂತಿತ್ತು, ಆದರೆ ಅವರು ತಲೆ ಎತ್ತಲಿಲ್ಲ.

"ಇನ್ನೊಂದು ಹತ್ತು ನಿಮಿಷ ಇರ್ಲಿ" ಎಂದರು.